ಪ್ರೊಬೇಷನ್ ಆಫೀಸಿನ ಬಾಗಿಲಲ್ಲಿ ಹತ್ತು ನಿಮಿಷ

ಪ್ರೊಬೇಷನ್ ಕಮಿಟಿಯಲ್ಲಿ ಒಂದು ಜಾಗ ಸಿಕ್ಕಿದರೆ ಸಾಕೆಂದು ನಾನು ಎರಡು ತಿಂಗಳು ಒಳಗೊಳಗೇ ಚಡಪಡಿಸಿದ್ದೆ. ಅವರಾಗಿ ಕರೆದು ಕೊಡಲು ಬಂದ ದಿನ, ಬೇಡ ಎಂದುಬಿಟ್ಟೆ. ಹಾಗೇಕೆ ಅಂದೆ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತು. ಬರ್ಮಿಂಗ್‌ಹ್ಯಾಮಿಗೆ ಅರ್ಧ ಗಂಟೆ ದೂರದ ಒಂದು ಊರಿನಲ್ಲಿದ್ದೆವು. ನಮ್ಮವರು ಅಲ್ಲಿ ಜಿಪಿ, ಊರಿನ ಫ್ಯಾಮಿಲಿ ಡಾಕ್ಟರು. ಅಲ್ಲಿ ಕ್ಲಿನಿಕ್ಕಿಗೆ ಸರ್ಜರಿ ಎನ್ನುತ್ತಾರೆ; ನಾನು ಅವರ ಸರ್ಜರಿಯ ಮ್ಯಾನೇಜರು, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಎಂದು ರೋಟಾ ಬರೆಯುವುದು, ರಿಸೆಪ್ಷನ್ನಿನ ಜಗಳ ಬಿಡಿಸುವುದು, ಪ್ರಿಂಟರಿಗೆ ಬೈಯುವುದು. ಇದರ ಜೊತೆಗೆ ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟ್. ಕಾನೂನು ಓದಿದವಳಲ್ಲ. ಆ ದೇಶದಲ್ಲಿ ಸಣ್ಣಪುಟ್ಟ ಅಪರಾಧಗಳನ್ನು ಊರಿನ ಸಾಮಾನ್ಯ ಜನ ಮೂವರು ಕೂತು ವಿಚಾರಿಸುತ್ತಾರೆ, ಸಂಬಳವಿಲ್ಲದೆ. ಕಾನೂನು ಹೇಳಿಕೊಡಲು ಒಬ್ಬ ಕ್ಲರ್ಕ್ ಇರುತ್ತಾರೆ. ಅರ್ಜಿ ಹಾಕಿ ಎಂದು ಬೆನ್ನು ಬಿದ್ದದ್ದು ನಮ್ಮ ಪೇಷೆಂಟ್ ಒಬ್ಬರು. ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ, ಮಗಳು ಜಡ್ಜಾದಳೆಂದು ಆಕೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನೂ ತಿದ್ದಲು ಹೋಗಲಿಲ್ಲ.

ನಮ್ಮ ಮುಂದೆ ಬಂದವರಲ್ಲಿ ಎಷ್ಟೋ ಜನರನ್ನು ಜೈಲಿಗೆ ಕಳಿಸುವ ಬದಲು ಪ್ರೊಬೇಷನ್ನಿಗೆ ಹಾಕುತ್ತಿದ್ದೆವು. ಒಂದು ವರ್ಷ, ವಾರವಾರ ಪ್ರೊಬೇಷನ್ ಆಫೀಸರರ ಹತ್ತಿರ ಹೋಗಿ ಮುಖ ತೋರಿಸಬೇಕು, ಅವರು ಹೇಳಿದಂತೆ ನಡೆದುಕೊಳ್ಳಬೇಕು. ತಪ್ಪಿಸಿದರೆ ಮತ್ತೆ ಕೋರ್ಟು.

ಆ ಬೇಸಿಗೆಯಲ್ಲಿ ಹಾಗೆ ತಪ್ಪಿಸಿಕೊಂಡ ಪಂಜಾಬಿ ಹೆಂಗಸೊಬ್ಬಳು ನಮ್ಮ ಮುಂದೆ ಬಂದಳು. ಮೂವತ್ತರ ಆಸುಪಾಸು, ಇಬ್ಬರು ಸಣ್ಣ ಮಕ್ಕಳ ತಾಯಿ. ಅಂಗಡಿಯಲ್ಲಿ ಬಟ್ಟೆ ಕದ್ದು ಮೂರನೇ ಸಲ ಸಿಕ್ಕಿಬಿದ್ದಿದ್ದವಳು. ನಾಲ್ಕು ವಾರ ಆಫೀಸಿನ ಕಡೆ ತಲೆಹಾಕಿರಲಿಲ್ಲ. ಯಾಕೆ ಎಂದರೆ ನೆಲ ನೋಡುತ್ತಾಳೆ. ಕೊನೆಗೆ ಅವಳ ಪ್ರೊಬೇಷನ್ ಆಫೀಸರ್, ತಾಳ್ಮೆಯ ಒಬ್ಬ ಇಂಗ್ಲಿಷ್ ಹೆಂಗಸು, ಎದ್ದು ನಿಂತು ವಿವರಿಸಿದಳು. ಆಫೀಸು ಇರುವುದು ಪೇಟೆಬೀದಿಯಲ್ಲಿ. ಬಾಗಿಲ ಮೇಲೆ ದೊಡ್ಡ ಬೋರ್ಡು. ಎದುರುಗಡೆಯೇ ಟ್ಯಾಕ್ಸಿ ಸ್ಟ್ಯಾಂಡು, ಅಲ್ಲಿ ಇವಳ ಮೈದುನಂದಿರು, ಅವರ ಗೆಳೆಯರು ಬೆಳಗಿನಿಂದ ಸಂಜೆಯವರೆಗೆ ಚಹಾ ಕುಡಿಯುತ್ತ ಕೂತಿರುತ್ತಾರೆ. ಇವಳು ಬಸ್ಸಿಳಿದು ಮೂಲೆಯವರೆಗೆ ಬರುತ್ತಾಳೆ, ಟ್ಯಾಕ್ಸಿಗಳನ್ನು ನೋಡುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಗಂಡನಿಗೆ ವಿಷಯ ಗೊತ್ತು, ಅವನ ಮನೆಯವರಿಗೆ ಗೊತ್ತಿಲ್ಲ.

ಆ ದಿನ ನಡುವಿನ ಕುರ್ಚಿಯಲ್ಲಿದ್ದವರು ನಮ್ಮ ಮ್ಯಾಜಿಸ್ಟ್ರೇಟರ ಬಳಗಕ್ಕೆಲ್ಲ ಅಧ್ಯಕ್ಷರು. ಸಭ್ಯ ಮನುಷ್ಯ. "ಬೇರೆ ದಾರಿಯಿಂದ ಬರಬಹುದಲ್ಲ?" ಎಂದು ಮೆತ್ತಗೆ ಕೇಳಿದರು.

"ದಾರಿ ಎಷ್ಟಿದ್ದರೂ ಬಾಗಿಲು ಒಂದೇ, ಸರ್," ಅಂದಳು ಆಫೀಸರ್.

ಬೇರೆ ಜಾಗದಲ್ಲಿ ನೋಡಲಾಗದೇ ಎಂದು ನಾನು ಕೇಳಿದೆ. ಮಕ್ಕಳ ಸ್ಕೂಲಿನ ಹೆಡ್ ಟೀಚರ್ ದೊಡ್ಡ ಮನಸ್ಸು ಮಾಡಿ ಒಂದು ಕೋಣೆ ಕೊಡಲು ಒಪ್ಪಿದ್ದಾರೆ, ಆದರೆ ಕ್ರಿಸ್‌ಮಸ್‌ವರೆಗೆ ಮಾತ್ರ, ಆಮೇಲೆ ಆ ಬಾಗಿಲೇ ಗತಿ ಎಂದಳು. ಯಾರನ್ನು ಎಲ್ಲಿ ನೋಡಬೇಕು ಎನ್ನುವುದನ್ನು ಆಫೀಸರುಗಳು ತೀರ್ಮಾನಿಸುವಂತಿಲ್ಲ, ಕಟ್ಟಡಗಳ ವಿಚಾರವೆಲ್ಲ ಪ್ರೊಬೇಷನ್ ಕಮಿಟಿಯದು. ಅಧ್ಯಕ್ಷರು ಆ ಹೆಂಗಸಿಗೆ ಇನ್ನೊಂದು ಅವಕಾಶ ಕೊಟ್ಟರು, ಮತ್ತೆ ತಪ್ಪಿಸಿದರೆ ಜೈಲು ಎಂದು ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಜನವರಿಯಲ್ಲಿ ಅವಳು ಆ ಬಾಗಿಲಿಗೆ ಹೋಗುವುದಿಲ್ಲ, ಜೈಲಿಗೆ ಹೋಗುತ್ತಾಳೆ ಎಂದು ನನಗೆ ಆಗಲೇ ಗೊತ್ತಾಯಿತು. ನನ್ನ ಜೊತೆ ಕೂತಿದ್ದ ಇಬ್ಬರಿಗೂ ಗೊತ್ತಾಗಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಈ ಕಮಿಟಿ ಎಂದರೆ ನಮ್ಮ ಪ್ರಾಂತ್ಯದ ಪ್ರೊಬೇಷನ್ ಕೆಲಸವನ್ನೆಲ್ಲ ನಡೆಸುವ ಸಭೆ. ಅದರಲ್ಲಿದ್ದವರು ಹೆಚ್ಚುಕಮ್ಮಿ ನಮ್ಮಂಥ ಮ್ಯಾಜಿಸ್ಟ್ರೇಟರೇ. ಸರಿಯಾಗಿ ಆ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಆದೇಶ ಬಂತು: ಕಮಿಟಿ ಬಹಳ ದೊಡ್ಡದಾಗಿದೆ, ಸದಸ್ಯರನ್ನು ಬದಲಾಯಿಸಿ, ಸಂಖ್ಯೆ ಇಳಿಸಿ. ನಮ್ಮ ಕೋರ್ಟಿಗಿದ್ದ ಮೂರು ಜಾಗ ಒಂದಾಯಿತು. ಇದ್ದ ಮೂವರೂ ವಯಸ್ಸಾದವರು, ನಮಗೆ ಸಾಕು ಎಂದು ಒಟ್ಟಿಗೇ ಕೈತೊಳೆದುಕೊಂಡರು. ಹೊಸ ಕಮಿಟಿ ಡಿಸೆಂಬರಿನಲ್ಲಿ ಸೇರುತ್ತದೆ, ಮೊದಲ ಸಭೆಯಲ್ಲೇ ಕಟ್ಟಡಗಳ ವಿಷಯ ಇದೆ ಎಂದು ಕ್ಲರ್ಕ್ ಹೇಳಿದಾಗ ನಾನು ಡೈರಿ ತೆಗೆದು ಡಿಸೆಂಬರಿನ ಪುಟದ ಮೂಲೆ ಮಡಚಿಟ್ಟೆ.

ಒಂದು ಬುಧವಾರ ಮಧ್ಯಾಹ್ನ, ಕೋರ್ಟಿನ ಹಿಂದಿನ ಕೋಣೆಯಲ್ಲಿ ಟೀ ಕುಡಿಯುತ್ತಿದ್ದಾಗ, ಅಧ್ಯಕ್ಷರು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು. "ಪ್ರೊಬೇಷನ್ ಕಮಿಟಿಗೆ ನಿಮ್ಮ ಹೆಸರು ಸೂಚಿಸಬೇಕೆಂದಿದ್ದೇನೆ. ಒಪ್ಪುತ್ತೀರಾ?"

ಒಳಗೆ ಕುಣಿದಾಡುವಷ್ಟು ಸಂತೋಷ. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಅಯ್ಯೋ, ನಾನ್ಯಾಕೆ? ನನಗಿಂತ ತಿಳಿದವರು, ಹಿರಿಯರು ಎಷ್ಟೊಂದು ಜನ ಇದ್ದಾರಲ್ಲ," ಎಂದುಬಿಟ್ಟಿತು. ಇದರಲ್ಲಿ ಕಪಟವೇನೂ ಇಲ್ಲ. ನಮ್ಮ ಮನೆಯಲ್ಲಿ ಬೆಳೆದವರೆಲ್ಲ ಹೀಗೇ. ಹೋಳಿಗೆ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ಒತ್ತಾಯ ಮಾಡಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲಕ್ಕೆ ಕೈ ಸ್ವಲ್ಪ ಸರಿಸಿದರೆ ಎರಡು ಹೋಳಿಗೆ ಬೀಳುತ್ತವೆ. ಮೊದಲ ಸಲಕ್ಕೇ ಹಾಕಿ ಅಂದವರನ್ನು ಊಟ ಕಾಣದವರು ಅನ್ನುತ್ತಾರೆ.

ಅಧ್ಯಕ್ಷರು ತಲೆದೂಗಿದರು. "ನಿಜ, ನಿಮಗೆ ಸರ್ಜರಿ, ಮನೆ, ಎಲ್ಲ ಇದೆ. ನಾನು ಕೇಳಿದ್ದೇ ತಪ್ಪಾಯಿತು," ಎಂದು ಒಂದು ಬಿಸ್ಕತ್ತು ತೆಗೆದುಕೊಂಡು ಎದ್ದು ಹೋದರು.

ಆ ಮಧ್ಯಾಹ್ನವೆಲ್ಲ ಎರಡನೇ ಸಲ ಕೇಳುತ್ತಾರೆಂದು ಕಾದೆ. ಕಾರಿಡಾರಿನಲ್ಲಿ ಎರಡು ಬಾರಿ ಅವರ ಎದುರಿಗೇ ಸುಳಿದಾಡಿದೆ. ಸಂಜೆ ಕಾರ್ ಪಾರ್ಕಿನಲ್ಲಿ, ಕೈಯಲ್ಲೇ ಇದ್ದ ಬೀಗದ ಕೈಯನ್ನು ಹ್ಯಾಂಡ್‌ಬ್ಯಾಗಿನಲ್ಲಿ ಹುಡುಕುತ್ತ ನಿಂತೆ. ಅವರು ಕಾರಿನಿಂದ ಕೈ ಬೀಸಿ ಹೊರಟುಹೋದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಧಾರವಾಡದವರು. ನಾಲ್ಕು ಜನರಲ್ಲಿ ನನ್ನ ಹಾಗೆ ಮಾತಾಡಿದರೂ ನಗು ಬಂದಾಗ ಊರಿನ ಮಾತು ತಾನಾಗಿ ಹೊರಗೆ ಬರುತ್ತದೆ. "ಇಪ್ಪತ್ತು ವರ್ಷ ಆತು ಈ ದೇಶಕ್ಕ ಬಂದು. ಇಲ್ಲಿ ಮಂದಿ ಒಂದ ಸಲ ಕೇಳ್ತಾರ ಅಂತ ಇನ್ನೂ ನಿನಗ ಗೊತ್ತಾಗಿಲ್ಲೇನು?"

"ಇನ್ನೊಂದ್ ಸಲ ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು ರೀ?"

"ನೀ ಬ್ಯಾಡ ಅಂದಿ. ಅವರು ನಂಬಿದರು. ಅವರದೇನು ತಪ್ಪು?"

ಹದಿನಾರು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ನಾವು ಕನ್ನಡದಲ್ಲಿ ಎಷ್ಟು ಆಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. "ಮಮ್ಮಿ, ಜಸ್ಟ್ ರಿಂಗ್ ಹಿಮ್," ಅಂದಳು. ಅವಳಿಗೇನು, ಹೇಳಿಬಿಟ್ಟಳು. ಬೇಡ ಎಂದದ್ದನ್ನು ನಾನೇ ಬಾಯಿಬಿಟ್ಟು ಬೇಕು ಎಂದು ಕೇಳುವುದೆಂದರೆ ನನಗೆ ಪ್ರಾಣಸಂಕಟ. ಎರಡು ದಿನ ಫೋನಿನ ಸುತ್ತ ಓಡಾಡಿದೆ. ಮೂರನೇ ದಿನ ಆ ಹೆಂಗಸು ನೆಲ ನೋಡುತ್ತ ನಿಂತಿದ್ದು ನೆನಪಾಗಿ, ನಾಚಿಕೆ ಪಡಲು ನನಗೇನು ಹಕ್ಕಿದೆ ಅನ್ನಿಸಿ, ನಂಬರ್ ಒತ್ತಿದೆ.

ಅಧ್ಯಕ್ಷರು ಪೇಚಿಗೆ ಸಿಕ್ಕಿಕೊಂಡರು. ಆ ಜಾಗಕ್ಕೆ ಮಾರನೇ ದಿನವೇ ಇನ್ನೊಬ್ಬರನ್ನು ಕೇಳಿದ್ದರಂತೆ, ನಮ್ಮ ಬಳಗದಲ್ಲೇ ಇದ್ದ, ರಿಟೈರಾದ ಒಬ್ಬ ಹೆಡ್‌ಮಾಸ್ಟರರನ್ನು. ಅವರು ತಕ್ಷಣ ಹೂಂ ಅಂದಿದ್ದರಂತೆ. "ಎರಡು ಹೆಸರಿದ್ದರೆ ಅಕ್ಟೋಬರಿನಲ್ಲಿ ನಮ್ಮ ಮ್ಯಾಜಿಸ್ಟ್ರೇಟರ ವಾರ್ಷಿಕ ಸಭೆಯಲ್ಲಿ ವೋಟಿಗೆ ಹಾಕಬೇಕು. ನೀವು ಎಲ್ಲರ ಎದುರು ಎರಡು ನಿಮಿಷ ಮಾತಾಡಬೇಕಾಗುತ್ತದೆ. ನಿಮಗೆ ಅದು..."

"ಮಾತಾಡುತ್ತೇನೆ," ಅಂದೆ, ಅವರು ಮುಗಿಸುವ ಮೊದಲೇ. ಮೆಟ್ಟಿಲ ಮೇಲಿನಿಂದ ಚಪ್ಪಾಳೆ ಕೇಳಿಸಿತು.

ನಮ್ಮ ಮನೆಗೆ ಚುನಾವಣೆಯ ಕಾವು ಏರಿದ್ದು ಆಗ. ನಾನು ಭಾಷಣ ಬರೆದೆ, ಎರಡು ಹಾಳೆ. ಮಗಳು ಕೆಂಪು ಪೆನ್ನು ಹಿಡಿದು ಕೂತಳು. "ನನಗೆ ಅನುಭವ ಕಡಿಮೆ, ಆದರೂ" ಹೊಡೆದುಹಾಕಿದಳು. "ನನ್ನ ಎದುರಾಳಿ ನನಗಿಂತ ಎಲ್ಲ ರೀತಿಯಲ್ಲೂ ಯೋಗ್ಯರು" ಹೊಡೆದುಹಾಕಿದಳು. "ತಪ್ಪಿದ್ದರೆ ಕ್ಷಮಿಸಬೇಕು" ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ನಾಲ್ಕು ಸಾಲು, ಅದರಲ್ಲೊಂದು ನನ್ನ ಹೆಸರು. ನಮ್ಮವರು ಊಟದ ಮೇಜಿನಲ್ಲಿ ಆ ನಾಲ್ಕು ಸಾಲು ಕೇಳಿ, ಕಾನ್ಸ್ಟಿಪೇಷನ್ನಿನ ಔಷಧಿ ಚೀಟಿ ಇದಕ್ಕಿಂತ ರುಚಿಯಾಗಿರುತ್ತದೆ ಎಂದರು. ಮಗಳು ನನ್ನ ಕಡೆ ತಿರುಗಿ, ಆ ಆಫೀಸಿನ ಬಾಗಿಲನ್ನು ನೀನು ನೋಡಿದ್ದೀಯಾ ಎಂದು ಕೇಳಿದಳು.

ನೋಡಿರಲಿಲ್ಲ. ನಾಲ್ಕು ವರ್ಷದಿಂದ ಜನರನ್ನು ಅಲ್ಲಿಗೆ ಕಳಿಸುತ್ತಿದ್ದವಳು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಒಳಗೆ ಕೆಲಸವೇನೂ ಇರಲಿಲ್ಲ, ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುವುದು, ಏನನ್ನಿಸುತ್ತದೆ ನೋಡುವುದು, ಅಷ್ಟೇ. ಕೋಟು, ಅದರ ಕೆಳಗೆ ಸೀರೆಯಂಚು. ಮೊದಲ ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಎದುರಿನ ಟ್ಯಾಕ್ಸಿಯೊಂದರ ಕಿಟಕಿ ಇಳಿಯಿತು. ನಮ್ಮ ಪೇಷೆಂಟ್, ಸಕ್ಕರೆ ಕಾಯಿಲೆಯವರು. "ಡಾಕ್ಟರ್ ಮೇಡಂ, ಎಲ್ಲ ಸರಿ ತಾನೆ?" ಎಂದು ಕೇಳಿ, ಬೋರ್ಡು ಓದಿ, ಇನ್ನೊಮ್ಮೆ ನನ್ನ ಮುಖ ನೋಡಿ, ಕಿಟಕಿ ಏರಿಸಿಕೊಂಡರು. ಪಕ್ಕದ ಟ್ಯಾಕ್ಸಿಯ ಕಿಟಕಿ ಇಳಿಯಿತು. ಬಟ್ಟೆ ಅಂಗಡಿಯಾಕೆ ಬಾಗಿಲಿಗೆ ಬಂದು, ಒಳಗೆ ಹೋಗಿ, ತನ್ನ ಅತ್ತೆಯನ್ನೂ ಕರೆದುಕೊಂಡು ಬಂದಳು. ನಾನು ತಪ್ಪು ಮಾಡಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ತಾನಾಗಿ ಬಸ್ ಸ್ಟಾಪಿನ ಕಡೆ ಎಳೆಯತೊಡಗಿತು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಮುಗಿಸಿದೆ.

ಮೊದಲ ಫೋನು ಮಧ್ಯಾಹ್ನ ಒಂದಕ್ಕೆ ಸರ್ಜರಿಗೇ ಬಂತು. ಡಾಕ್ಟರ ಮನೆಯಲ್ಲಿ ಏನಾದರೂ ತೊಂದರೆಯೇ ಎಂದು. ಎರಡನೆಯದು ಗುಜರಾತಿ ಕೆಮಿಸ್ಟ್‌ನದು. ಸಂಜೆ ನಾಲ್ಕಕ್ಕೆ ಒಬ್ಬರು ಮನೆಗೇ ಬಂದು ಒಂದು ಡಬ್ಬಿ ಬರ್ಫಿ ಕೊಟ್ಟು, ನನ್ನ ಕೈ ಹಿಡಿದು, ದೇವರಿದ್ದಾನೆ ಎಂದು ಹೇಳಿ ಹೋದರು. ಆರು ಗಂಟೆಗೆ ಲೀಡ್ಸ್‌ನಿಂದ ಫೋನು. ಅಲ್ಲಿನ ಒಬ್ಬ ಅನಸ್ತೇಷಿಯಾ ಡಾಕ್ಟರರ ಹೆಂಡತಿ, ಮಂಗಳೂರು ಕಡೆಯವರು, ಯುಗಾದಿಗೆ ಮಾತ್ರ ಭೇಟಿಯಾಗುವ ಗೆಳತಿ. "ಅಕ್ಕ, ಏನೂ ಅಂದ್ಕೊಳ್ಬೇಡಿ. ನೀವು ಏನೋ ಪ್ರೊಬೇಷನ್ನಲ್ಲಿದ್ದೀರಂತೆ? ನಮ್ಗೆ ಹೇಳ್ಬಾರ್ದಿತ್ತಾ? ಲಾಯರ್ ಬೇಕಿದ್ರೆ ನಮ್ಮೋರಿಗೆ ಗೊತ್ತಿರೋರು ಇದ್ದಾರೆ."

ನೂರು ಮೈಲಿ. ಎಂಟೇ ತಾಸಿನಲ್ಲಿ ಸುದ್ದಿ ಲೀಡ್ಸ್ ಮುಟ್ಟಿತ್ತು. ನನಗೋ ಖುಷಿಯೇ ಖುಷಿ. ಫೋನ್ ಇಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ನಮ್ಮವರು, "ಹೇಂತಿ ಮರ್ಯಾದಿ ಹೋದದ್ದಕ್ಕ ಬರ್ಫಿ ಬಂದಾವು, ತಿನ್ನೋಣ ಬಾ," ಎಂದು ಡಬ್ಬಿ ಬಿಚ್ಚಿದರು. ಮಗಳು ನಾಲ್ಕು ಸಾಲಿನ ಹಾಳೆಯನ್ನು ಹರಿದುಹಾಕಿದಳು.

ವಾರ್ಷಿಕ ಸಭೆ ಸಂಜೆ ಐದಕ್ಕೆ, ಕೋರ್ಟಿನ ದೊಡ್ಡ ಕೋಣೆಯಲ್ಲಿ. ಕುರ್ಚಿಗಳೆಲ್ಲ ತುಂಬಿದ್ದವು. ಹೆಡ್‌ಮಾಸ್ಟರರು ಮೊದಲು ಮಾತಾಡಿದರು. ಅಚ್ಚುಕಟ್ಟಾಗಿ, ತಮಾಷೆಯಾಗಿ, ನಿಮಿಷಕ್ಕೆ ಸರಿಯಾಗಿ ಮುಗಿಸಿದರು, ನನಗೇ ಅವರಿಗೆ ವೋಟು ಹಾಕೋಣ ಅನ್ನಿಸಿತು. ಆಮೇಲೆ ನನ್ನ ಸರದಿ. ನಾನು ಯಾವ ಕೇಸಿನ ಸುದ್ದಿಯನ್ನೂ ಎತ್ತಲಿಲ್ಲ. ನಾವು ಜನರನ್ನು ಕಳಿಸುವ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದೆ ಎಂದು ಶುರು ಮಾಡಿ ಟ್ಯಾಕ್ಸಿ, ಬಟ್ಟೆ ಅಂಗಡಿ, ಕೆಮಿಸ್ಟ್, ಬರ್ಫಿ, ಲೀಡ್ಸ್, ಎಲ್ಲವನ್ನೂ ಆದ ಹಾಗೆ ಹೇಳಿದೆ. ಬರ್ಫಿಗೆ ಜೋರಾಗಿ ನಕ್ಕರು. ಲೀಡ್ಸಿಗೆ ಇನ್ನೂ ಜೋರಾಗಿ.

ನಗು ನಿಂತ ಮೇಲೆ ಅಂದೆ: "ನಾನು ಮ್ಯಾಜಿಸ್ಟ್ರೇಟ್, ನನ್ನ ಗಂಡ ಡಾಕ್ಟರ್, ನಾನು ನಕ್ಕು ಸುಮ್ಮನಾಗಬಹುದು. ಅದೇ ಬಾಗಿಲಿಗೆ ವಾರವಾರ ಹೋಗು ಎಂದು ನಾವು ಬೇರೆ ಹೆಂಗಸರಿಗೂ ಹೇಳುತ್ತೇವೆ. ಹೋಗದಿದ್ದರೆ ಜೈಲು ಎನ್ನುತ್ತೇವೆ. ನನಗೆ ಈ ಜಾಗ ಬೇಕು. ದಯವಿಟ್ಟು ನನಗೆ ವೋಟು ಕೊಡಿ."

ನನಗೆ ಬೇಕು ಎಂದು ಹುಟ್ಟಿದಾರಭ್ಯ ಅಷ್ಟು ಜನರ ಮುಂದೆ ಹೇಳಿದ್ದು ಅದೇ ಮೊದಲು. ಕೂತಾಗ ಕಿವಿಯೆಲ್ಲ ಬಿಸಿಯಾಗಿತ್ತು.

ಏಳು ವೋಟಿನಿಂದ ಗೆದ್ದೆ. ಕ್ಲರ್ಕ್ ಓದಿದ್ದನ್ನು ಇನ್ನೊಮ್ಮೆ ಓದಿಸಿದೆ. ಹೆಡ್‌ಮಾಸ್ಟರರು ಬಂದು ಕೈಕುಲುಕಿದರು. ಸೋತ ಬೇಸರ ಮುಖದಲ್ಲಿತ್ತು, ಅದನ್ನವರು ಮುಚ್ಚಿಡಲಿಲ್ಲ. "ಒಂದು ಮಾತು. ಆ ಬಾಗಿಲಲ್ಲಿ ನಾನು ದಿನವಿಡೀ ನಿಂತರೂ ನಮ್ಮ ಮನೆಗೆ ಒಂದು ಫೋನೂ ಬರುತ್ತಿರಲಿಲ್ಲ," ಅಂದರು. ಹೆಂಡತಿ ತೀರಿಕೊಂಡ ಮನುಷ್ಯ, ಒಬ್ಬರೇ ಇದ್ದರು. ಭಾನುವಾರ ಊಟಕ್ಕೆ ಕರೆದೆ. ಒಂದೇ ಸಲಕ್ಕೆ ಒಪ್ಪಿಕೊಂಡರು.

ಗೆದ್ದ ಆ ಕುರ್ಚಿ ಹೆಚ್ಚು ಕಾಲ ಬಾಳಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಕೆಲವೇ ವರ್ಷಗಳಲ್ಲಿ ಸರ್ಕಾರ ಊರೂರಿನ ಕಮಿಟಿಗಳನ್ನೆಲ್ಲ ತೆಗೆದುಹಾಕಿ ಹೊಸ ವ್ಯವಸ್ಥೆ ಮಾಡಿತು, ನನ್ನದೂ ಅದರೊಂದಿಗೆ ಹೋಯಿತು. ಆದರೆ ಆ ಡಿಸೆಂಬರಿನ ಮೊದಲ ಸಭೆಗೆ ನಾನು ಅರ್ಧ ಗಂಟೆ ಮೊದಲೇ ಹೋಗಿ ಕೂತಿದ್ದೆ. ಕಟ್ಟಡಗಳ ವಿಷಯ ಬಂದಾಗ, ಪೇಟೆಯ ಆಚೆಗಿದ್ದ ಹೆಲ್ತ್ ಸೆಂಟರಿನ ಮಹಡಿಯಲ್ಲಿ ವಾರಕ್ಕೆ ಎರಡು ದಿನ ಒಂದು ಕೋಣೆ ಕೇಳೋಣ ಎಂದೆ. ಮಹಡಿಯಲ್ಲೇ ಹಲ್ಲಿನ ಡಾಕ್ಟರ್, ಪಕ್ಕದಲ್ಲಿ ಮಕ್ಕಳ ತೂಕ ನೋಡುವವರು, ಕೆಳಗೆ ಕಾಲಿನ ಚಿಕಿತ್ಸೆ. ಬಂದವರು ಯಾರಿಗೆ ಬಂದರೆಂದು ಯಾರಿಗೂ ಗೊತ್ತಾಗುವುದಿಲ್ಲ. ಕಾಯುವ ಕೋಣೆಯಲ್ಲಿ ಒಬ್ಬರನ್ನೊಬ್ಬರು ಗಮನಿಸುವುದಿಲ್ಲವೇ ಎಂದು ಒಬ್ಬರು ಕೇಳಿದರು. ಗಮನಿಸುತ್ತಾರೆ, ಆದರೆ ಕಾಯಿಲೆಯವರನ್ನು ಗಮನಿಸುತ್ತಾರೆ, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ ಎಂದೆ. ಆರು ತಿಂಗಳು ನೋಡೋಣ ಎಂದು ತೀರ್ಮಾನವಾಯಿತು. ಕ್ರಿಸ್‌ಮಸ್‌ಗೆ ಹತ್ತು ದಿನವಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಆ ಹೆಲ್ತ್ ಸೆಂಟರಿಗೆ ಸರ್ಜರಿಯ ಕಾಗದಗಳನ್ನು ಕೊಡಲು ಹೋಗಿದ್ದೆ. ಕೌಂಟರಿನಲ್ಲಿ ಕ್ಯೂ ಇತ್ತು. ಮಹಡಿ ಮೆಟ್ಟಿಲಿಳಿದು ಅವಳು ಬಂದಳು. ಹಸಿರು ದುಪ್ಪಟ್ಟಾ, ತೋಳಿನಲ್ಲಿ ಸಣ್ಣ ಮಗು. ಕೆಳಗೆ ಕೂತಿದ್ದ ಪರಿಚಯದ ಮುದುಕಿ ಏನೋ ಕೇಳಿದಳು, ಇವಳು ಕೆನ್ನೆ ಮುಟ್ಟಿ ತೋರಿಸಿ ಹಲ್ಲು ಎಂದಳು. ಸರಾಗವಾಗಿ ಹೇಳಿದಳು, ಸ್ವಲ್ಪ ನಕ್ಕಳು ಕೂಡ. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ, ಕೋರ್ಟಿನಲ್ಲಿ ಅವಳು ತಲೆಯೆತ್ತಿದ್ದೇ ಕಡಿಮೆ.

ಅಷ್ಟರಲ್ಲಿ ಅವಳು ನನ್ನನ್ನು ಕಂಡಳು. ಕಂಡು, ಅಲ್ಲೇ ನಿಂತುಬಿಟ್ಟಳು. ಮುಖದ ಬಣ್ಣ ಹೋಯಿತು.

ಓಡಿಹೋಗಿ ಮಾತಾಡಿಸಬೇಕೆಂದು ಜೀವ ಬಡಿದುಕೊಂಡಿತು. ಈ ಕೋಣೆ ನಿನಗಾಗಿ ಕೇಳಿದ್ದು, ನಿನ್ನ ಸಲುವಾಗಿ ನಾನು ಬೀದಿಯಲ್ಲಿ ನಿಂತೆ, ವೋಟು ಬೇಡಿದೆ ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತೋ. ನಾನು ಗೋಡೆಯ ಕಡೆ ತಿರುಗಿದೆ. ಅಲ್ಲೊಂದು ಫ್ಲೂ ಇಂಜೆಕ್ಷನ್ನಿನ ಪೋಸ್ಟರಿತ್ತು, ಅದನ್ನು ಮೊದಲಿನಿಂದ ಓದತೊಡಗಿದೆ. ನನಗೆ ಈಕೆ ಯಾರೋ, ನಾನು ಈಕೆಯನ್ನು ಕಂಡೇ ಇಲ್ಲ. ಮುದುಕಿ ಅವಳಿಗೆ ಲವಂಗ ಕಚ್ಚಿಕೋ ಎಂದು ಹೇಳುತ್ತಿದ್ದಳು. ಬೆನ್ನ ಹಿಂದೆ ಹೆಜ್ಜೆ ಮತ್ತೆ ಶುರುವಾಯಿತು, ಮೊದಲು ನಿಧಾನವಾಗಿ, ಆಮೇಲೆ ಸಾಮಾನ್ಯವಾಗಿ. ಮಗು ಏನೋ ಹಟ ಮಾಡಿತು, ಅವಳು ಅದನ್ನು ಸಮಾಧಾನ ಮಾಡುತ್ತ ನನ್ನ ಹಿಂದಿನಿಂದಲೇ ಹಾದು, ಎಲ್ಲರೂ ಹೋಗಿಬರುವ ಬಾಗಿಲಿನಿಂದ ಹೊರಗೆ ಹೋದಳು.